ಲಿಂಗದಹಳ್ಳಿಯ ಸೊಪ್ಪಿನ ಕಟ್ಟು

ಕಡೂರಿನ ಕಡೆಯಿಂದ ತರೀಕೆರೆಯ ಮಾರ್ಗವಾಗಿ ಲಿಂಗದಹಳ್ಳಿಗೆ ಬರುವ ಪ್ರಯಾಣಿಕನಿಗೆ ನಾಡಿನ ಎರಡು ಮುಖಗಳು ಒಂದೇ ದಿನದಲ್ಲಿ ದರ್ಶನವೀಯುತ್ತವೆ. ಹಿಂದುಳಿದುದು ರಾಗಿ, ತೆಂಗುಗಳ ಬಯಲು. ಮುಂದೆ ಕಾಣುವುದು ಅಡಕೆಯ ತೋಟ, ಅದರಾಚೆಗೆ ಬಾಬಾಬುಡನ್ ಗಿರಿಶ್ರೇಣಿಯ ನೀಲಿ ಅಂಚು. ಕಲ್ಲತ್ತಿಗಿರಿಯ ಜಲಧಾರೆಗೂ ಅದರ ಬುಡದ ವೀರಭದ್ರಸ್ವಾಮಿಯ ಸನ್ನಿಧಿಗೂ, ಸುಮಾರು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೂ ತರೀಕೆರೆಯಿಂದ ಹೊರಟವರು ಈ ಊರನ್ನು ಹಾದೇ ಹೋಗುತ್ತಾರೆ. ಹಾದು ಹೋಗುವವರೇ ಹೆಚ್ಚು; ನಿಂತು ಉಣ್ಣುವವರು ಕಡಿಮೆ. ನಿಂತು ಉಂಡವರಿಗೆ ತಿಳಿಯುವ ಸಂಗತಿಯೊಂದುಂಟು: ಬಯಲುಸೀಮೆಯ ಬಸ್ಸಾರೂ ಮಲೆನಾಡಿನ ತಂಬುಳಿಯೂ ನೆರೆಹೊರೆಯಾಗಿ ಬಾಳುವ ಸೀಮೆಯಿದು.

ಮೊದಲ ಮಳೆ ಬಿದ್ದ ಮೇಲೆ ಇಲ್ಲಿನ ಹೊಲದ ಬದು, ತೋಟದ ಕಾಲುವೆ, ಹಿತ್ತಿಲುಗಳೆಲ್ಲ ಬಿತ್ತದೆಯೇ ಬೆಳೆದ ಅಡುಗೆಮನೆಗಳು. ತೇವದಲ್ಲಿ ಒಂದೆಲಗ, ಹೊನಗೊನೆ. ಹೊಲದಲ್ಲಿ ಅಣ್ಣೆ, ಗೋಣಿಸೊಪ್ಪು, ಕೀರೆ. ಬೇಲಿಯ ಬಳಿ ಗಣಿಕೆ, ಚಗತೆ. ಮನೆಯ ಹಿಂದೆ ನುಗ್ಗೆ, ಬಸಳೆ, ದೊಡ್ಡಪತ್ರೆ. ಇವುಗಳಲ್ಲಿ ಕೆಲವನ್ನು ಕೂಡಿಸಿ ಬೇಯಿಸುವುದೇ ಬೆರಕೆಸೊಪ್ಪು. ಬೇಯಿಸಿದ ಮೇಲೆ ಬಸಿದು ತೆಗೆದ ನೀರೇ ಕಟ್ಟು. ಸೊಪ್ಪು ಪಲ್ಯವಾಗುತ್ತದೆ, ಕಟ್ಟು ಸಾರಾಗುತ್ತದೆ. ಒಂದು ಪಾತ್ರೆಯಿಂದ ಎರಡು ವ್ಯಂಜನ. ಚೆಲ್ಲುವುದು ಏನೂ ಇಲ್ಲ. ಅನ್ನವನ್ನು ಪ್ರಸಾದವೆಂದು ಭಾವಿಸುವ ಮನೆತನಗಳಿಗೆ ಈ ಕ್ರಮದ ಔಚಿತ್ಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಾಯಿಲೆಯಿಂದ ಎದ್ದವರಿಗೆ, ಬಾಣಂತಿಯರಿಗೆ, ಹಲ್ಲಿಲ್ಲದ ವೃದ್ಧರಿಗೆ ಇದನ್ನೇ ಇನ್ನೂ ಸರಳಗೊಳಿಸಿ ಕೊಡಬಹುದು. ನಾಲ್ಕು ಜನರಿಗೆ ಒಂದು ಹಿಡಿ ಹೆಸರುಬೇಳೆಯನ್ನು ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ, ಚೆನ್ನಾಗಿ ತೊಳೆದ ನಾಲ್ಕು ಹಿಡಿ ಸೊಪ್ಪನ್ನು ಹಾಕಿ, ಐದಾರು ನಿಮಿಷ ಕುದಿಸಿ ಬಸಿಯಬೇಕು. ಆ ಕಟ್ಟಿಗೆ ಕುಟ್ಟಿದ ಮೆಣಸು, ಜೀರಿಗೆ, ಚೂರು ಶುಂಠಿ, ಉಪ್ಪು ಸೇರಿಸಿ ಒಂದು ಕುದಿ ಬರಿಸಿ ಇಳಿಸಬೇಕು. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆಯ ರಸ ಹಿಂಡಬೇಕು. ಮೊದಲೇ ಹಿಂಡಿದರೆ ಅದರ ಸಿ ಜೀವಸತ್ವ ಕಾವಿಗೆ ನಷ್ಟವಾಗುತ್ತದೆ.

ಆಹಾರವೇ ಮೊದಲ ಔಷಧವೆಂಬ ಈ ದೃಷ್ಟಿ ನಮ್ಮ ನಾಡಿಗಷ್ಟೇ ಸೇರಿದುದಲ್ಲ. ಚೀನಾ ದೇಶದಲ್ಲಿ 7ನೆಯ ಶತಮಾನದ ಸುನ್ ಸಿಮಿಯಾವ್ ಎಂಬ ವೈದ್ಯನು ತನ್ನ ವೈದ್ಯಗ್ರಂಥದಲ್ಲಿ ಆಹಾರಚಿಕಿತ್ಸೆಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟನು. ರೋಗದ ಮೂಲವನ್ನರಿತು ಮೊದಲು ಆಹಾರದಿಂದ ಉಪಚರಿಸಬೇಕು, ಅದು ಫಲಿಸದಿದ್ದಾಗ ಔಷಧಕ್ಕೆ ಕೈಹಾಕಬೇಕು ಎಂಬುದು ಅವನ ಮತ. ಚೀನೀಯರೂ ಆಹಾರವನ್ನು ತಂಪು, ಉಷ್ಣ, ಸಮ ಎಂದು ವಿಂಗಡಿಸುತ್ತಾರೆ. ನಮ್ಮ ಬೂದುಗುಂಬಳ ಅವರಿಗೂ ತಂಪಿನ ಕಾಯಿ. ಬೇಸಗೆಯಲ್ಲಿ ಅದರ ತಿಳಿಸಾರನ್ನು ಕುಡಿಯುತ್ತಾರೆ, ತಂಪು ಮಿತಿಮೀರದಿರಲೆಂದು ಶುಂಠಿ ಹಾಕುತ್ತಾರೆ. ಚೀನಾದ ಹೆಸರನ್ನೇ ಕೇಳದ ಮಲೆನಾಡಿನ ಅಜ್ಜಿಯೂ ಇದೇ ಮಾತನ್ನು ಆಡುತ್ತಾಳೆ. ನಮ್ಮ ಆಯುರ್ವೇದವು ಯೂಷವೆಂದು ಕರೆದು ರೋಗಿಗೆ ವಿಧಿಸಿದ್ದೂ ಕಾಳುಗಳ ತಿಳಿಗಟ್ಟನ್ನೇ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನು ಬರೆದನು. ಮಲೆನಾಡನ್ನಾಳಿದ ಕೆಳದಿಯ ಬಸವಪ್ಪ ನಾಯಕನು 18ನೆಯ ಶತಮಾನದ ಆದಿಯಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಪಾಕವಿದ್ಯೆಗೂ ಎಡೆಗೊಟ್ಟನು. ಅಡುಗೆಯನ್ನು ವಿದ್ಯೆಯೆಂದು ಕಂಡ ನಾಡು ನಮ್ಮದು.

ಇಂದಿನ ವಿಜ್ಞಾನವೂ ಈ ಕಟ್ಟನ್ನು ಕಡೆಗಣಿಸುವುದಿಲ್ಲ. ಸೊಪ್ಪಿನ ಫೋಲೇಟ್ ಮುಂತಾದ ನೀರಿನಲ್ಲಿ ಕರಗುವ ಸತ್ವಗಳು ಬೇಯಿಸಿದ ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಅವೂ ಹೋದಂತೆಯೇ. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆಯ ಹುಳಿ ಅದಕ್ಕೆ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಕಾಫಿ ಅಡ್ಡಿಯಾಗುತ್ತದೆ. ಕಾಫಿಯ ಸೀಮೆಯಲ್ಲಿ ಈ ಮಾತು ರುಚಿಸದಿದ್ದರೂ ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನತೆಯವರು. ಕಟ್ಟೊಂದರಿಂದಲೇ ಅದು ನೀಗುವುದಿಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಲಾಗದು. ಆದರೆ ಗುಳಿಗೆಯ ಜೊತೆಗೆ ಊಟವೂ ನೆಟ್ಟಗಾಗಬೇಕು. ಸೊಪ್ಪಿನ ಆಕ್ಸಲೇಟ್ ಕೂಡ ಈ ನೀರಿಗೆ ಇಳಿಯುವುದರಿಂದ, ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ವೈದ್ಯರನ್ನು ಕೇಳಿಯೇ ಕುಡಿಯುವುದು ಯುಕ್ತ.

ಈ ಸೀಮೆಯ ಮನೆಯೊಂದರಲ್ಲಿ ಆತಿಥ್ಯ ಪಡೆದಾಗ, ಎಂಬತ್ತರ ಸಮೀಪದ ತಾಯಿಯೊಬ್ಬರು ಹಿತ್ತಿಲನ್ನೊಮ್ಮೆ ಸುತ್ತಿ ಮಡಿಲು ತುಂಬ ಹನ್ನೊಂದು ಬಗೆಯ ಸೊಪ್ಪನ್ನು ತಂದರು. ಕಾಲೇಜು ಓದುವ ಮೊಮ್ಮಗಳು ಗುರುತಿಸಿದ್ದು ಎರಡನ್ನು. ಉಳಿದ ಒಂಬತ್ತು ಹೆಸರುಗಳು ಆ ಮನೆಯಲ್ಲಿ ಒಬ್ಬರ ನೆನಪಿನಲ್ಲಷ್ಟೇ ಉಳಿದಿವೆ. ಇತ್ತ ತೋಟಗಳಲ್ಲಿ ಕೂಲಿಯ ಕೊರತೆಯಿಂದ ಕಳೆನಾಶಕದ ಸಿಂಪಡಣೆ ಹೆಚ್ಚಿದೆ. ಅದು ಕಳೆಯೆಂದು ಸುಡುವುದರಲ್ಲಿ ಹೊನಗೊನೆಯೂ ಇದೆ, ಒಂದೆಲಗವೂ ಇದೆ. ಸಿಂಪಡಿಸಿದ ನೆಲದ ಸೊಪ್ಪನ್ನು ಕೊಯ್ಯುವುದು ಅಪಾಯ. ಹೀಗೆ ಸೊಪ್ಪೂ ಮರೆಯಾಗುತ್ತಿದೆ, ಅದನ್ನು ಬಲ್ಲವರೂ ಮರೆಯಾಗುತ್ತಿದ್ದಾರೆ. ಬಳಿಕ ಅಂಗಡಿಯಿಂದ ಸೂಪಿನ ಪೊಟ್ಟಣವನ್ನು ತಂದು ಆರೋಗ್ಯವನ್ನು ಹುಡುಕುತ್ತೇವೆ.

ಹಿರಿಯರಿರುವ ಮನೆಗಳಲ್ಲಿ ಈ ಮಳೆಗಾಲಕ್ಕೊಂದು ಸಣ್ಣ ಕೆಲಸವನ್ನು ಕೈಗೊಳ್ಳಬಹುದು. ಮಕ್ಕಳನ್ನು ಅವರೊಡನೆ ಹಿತ್ತಿಲಿಗೆ ಕಳುಹಿಸಿರಿ. ವಾರಕ್ಕೊಂದು ಎಲೆಯನ್ನು ಕಂಡು, ಮೂಸಿ, ಹೆಸರು ಹೇಳಿ, ಬರೆದಿಟ್ಟುಕೊಳ್ಳಲಿ. ಗುರುತು ಖಚಿತವಾಗದ ಎಲೆಯನ್ನು ಎಂದೂ ಪಾತ್ರೆಗೆ ಹಾಕದಿರಲಿ. ತೋಟದ ಒಂದು ಮೂಲೆಯನ್ನಾದರೂ ವಿಷ ತಗುಲದಂತೆ ಸೊಪ್ಪಿಗೆ ಬಿಟ್ಟುಕೊಡಿರಿ. ಬಸಿದ ನೀರನ್ನು ಚೆಲ್ಲಬಾರದೆಂಬ ಪಾಠ ಒಲೆಯ ಮುಂದೆ ಒಂದು ದಿನದಲ್ಲಿ ಬರುತ್ತದೆ. ಸೊಪ್ಪನ್ನು ಗುರುತಿಸುವ ಪಾಠಕ್ಕೆ ಮಾತ್ರ ಹಲವು ಮಳೆಗಾಲಗಳು ಬೇಕು, ಕಲಿಸುವವರೂ ಬೇಕು.