ಉಸುಕಿನ ಬಣ್ಣದ ನಂಗು

ನಮ್ಮೂರು ಬೇವೂರಿನ ಮಸಾರಿ ಹೊಲದಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆ ಕಾಲಬುಡದಲ್ಲೇ ಇದ್ದರೂ ಕಾಣುವುದಿಲ್ಲ. ಗೂಡಿಲ್ಲ, ಮರೆಯಿಲ್ಲ, ಹರಳುಗಳ ನಡುವೆ ಹರಳಿನ ಬಣ್ಣದ ಮೊಟ್ಟೆ. ಈ ಅಡಗುವ ವಿದ್ಯೆ ಎಲ್ಲಿಯವರೆಗೆ ಹೋದೀತೆಂದು ತಿಳಿಯಬೇಕಾದರೆ ಮಾತ್ರ ಕಡಲಿಗೇ ಹೋಗಬೇಕು.

ನಮ್ಮ ಕಡೆಯವರು ಗುಳೆ ಹೋಗುವುದು ಮಂಗಳೂರು, ಉಡುಪಿಗೂ ಉಂಟು. ನಮ್ಮ ಓಣಿಯ ಚಿಗವ್ವ ಮಲ್ಪೆ ಬಂದರಿನಲ್ಲಿ ಮೀನು ಆರಿಸುತ್ತಾಳೆ. ಆಕೆಯ ಬುಟ್ಟಿಯಲ್ಲೇ ನಾನು ನಂಗು ಮೀನು ಕಂಡದ್ದು: ಗೇಣುದ್ದವೂ ಇಲ್ಲ, ಎಲೆಯಂತೆ ಚಪ್ಪಟೆ. ಮೇಲ್ಮೈ ಉಸುಕಿನ ಕಂದು, ಕೆಳಮೈ ಬಿಳಿ. ದಡದ ಹತ್ತಿರದ ಮೆತ್ತನೆ ನೆಲದಲ್ಲಿ ಮಲಗಿ, ರೆಕ್ಕೆಯಂಚು ಅಲ್ಲಾಡಿಸಿ ಮೈಮೇಲೆ ಉಸುಕು ಎಳೆದುಕೊಂಡರೆ ಹೊರಗೆ ಉಳಿಯುವುದು ಕಣ್ಣು ಮಾತ್ರ. ಆ ಕಣ್ಣುಗಳೆರಡೂ ಎಡಗಡೆಗೇ ಇವೆ!

ಹುಟ್ಟುವಾಗ ಹಾಗಿರುವುದಿಲ್ಲ. ಮರಿ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ, ಕಡೆಗೊಂದು ಕಣ್ಣು. ಬೆಳೆಯುತ್ತ ತಲೆಬುರುಡೆಯೇ ತಿರುಚಿಕೊಂಡು ಬಲಗಣ್ಣು ಎಡಕ್ಕೆ ಸರಿಯುತ್ತದೆ. ಆಮೇಲೆ ಅದು ನೆಲಕ್ಕಿಳಿದು ಬಲಮಗ್ಗುಲಿಗೆ ಮಲಗುತ್ತದೆ. ಬಣ್ಣ ಹೊಂದಿಸಿಕೊಳ್ಳುವ ಜೀವಿಗಳು ಬೇಕಾದಷ್ಟಿವೆ. ಅಡಗುವುದಕ್ಕಾಗಿ ಮುಖವನ್ನೇ ಬೇರೆ ಮಾಡಿಕೊಳ್ಳುವುದು ದೊಡ್ಡ ಮಾತು.

“ಆ ಕಡೆ ಏನ್ ನೋಡೂದೈತಿ, ಬರೇ ಉಸುಕು” ಅಂದಳು ಚಿಗವ್ವ.

ಈ ಕಣ್ಣು ಡಾರ್ವಿನ್‌ನನ್ನೂ ಕಾಡಿತ್ತು. ಜೀವಿಗಳು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತವೆಂಬುದು ಅವನ ವಾದ. ಹಾಗಾದರೆ ಅರ್ಧ ಸರಿದ ಕಣ್ಣಿನಿಂದ ಮೀನಿಗೇನು ಲಾಭವೆಂದು 1871ರಲ್ಲಿ ಮಿವಾರ್ಟ್ ಎಂಬ ಜೀವವಿಜ್ಞಾನಿ ಕೇಳಿದ. ಜೀವಿಗಳ ಉಗಮದ ಬಗೆಗಿನ ತನ್ನ ಪುಸ್ತಕದ ಮರುವರ್ಷದ ಆವೃತ್ತಿಯಲ್ಲಿ ಡಾರ್ವಿನ್ ಉತ್ತರ ಬರೆದ. ಸಾಕ್ಷಿ ಸಿಕ್ಕದ್ದು 2008ರಲ್ಲಿ. ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ, ಕಣ್ಣು ಅರ್ಧದಾರಿಯಲ್ಲಿ ನಿಂತ ಮೀನುಗಳನ್ನು ವಿಜ್ಞಾನಿ ಮ್ಯಾಟ್ ಫ್ರೀಡ್‌ಮನ್ ತೋರಿಸಿದರು. ಅರ್ಧ ಸರಿದ ಕಣ್ಣಿಂದಲೂ ಬದುಕು ಸಾಗುತ್ತಿತ್ತು.

ನಂಗು ಇಷ್ಟೆಲ್ಲ ಮಾಡಿಕೊಂಡದ್ದು ಹಸಿದ ಕಣ್ಣುಗಳಿಂದ ತಪ್ಪಿಸಿಕೊಳ್ಳಲು. ಆದರೆ ಕಡಲ ತಳವನ್ನೇ ಗೋರುವ ಟ್ರಾಲ್ ಬಲೆಗೆ ಮೀನು ಕಾಣಬೇಕೆಂದೇ ಇಲ್ಲ. ದೊಡ್ಡದು, ಮರಿ ಎಲ್ಲ ಒಟ್ಟಿಗೆ ಬರುತ್ತವೆ. ನನಗೆ ಸಂಕಟವಾಗುವುದು ಆ ಮರಿಗಳನ್ನು ನೋಡಿದಾಗ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನವನ್ನು ಯಾರೂ ಕಡಿಮೆ ಮಾಡದಿರಲಿ. ಬಂದರು ನಿಂತರೆ ಚಿಗವ್ವನ ಕೂಲಿಯೂ ನಿಲ್ಲುತ್ತದೆ, ಅದು ನನಗೆ ಗೊತ್ತು. ಆದರೆ ಮುಂಗಾರು ಬೀಳುವುದೂ ಆಗಲೇ. ಆಕೆ ಬೇವೂರಿಗೆ ಬಂದು ಹೆಸರು ಬಿತ್ತುತ್ತಾಳೆ.