ಇಪ್ಪತ್ತೈದು ತಾಸಿನ ಒಂದು ದಿನ

ಕಡಲ ಮೇಲೆ ಪಶ್ಚಿಮಾಭಿಮುಖವಾಗಿ ಸಾಗುವವನಿಗೆ ದಿನವು ದೀರ್ಘವಾಗುತ್ತದೆ. ಭೂಮಿಯು 15 ರೇಖಾಂಶಗಳಷ್ಟು ತಿರುಗಲು ಒಂದು ತಾಸು ಬೇಕು. ಅಷ್ಟು ದೂರ ಸೂರ್ಯನ ಬೆನ್ನು ಹಿಡಿದು ಹೋದವನು ತನ್ನ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಸರಿಸಿಕೊಳ್ಳಬೇಕು. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಹೋಗುವ ‘ಕ್ವೀನ್ ಮೇರಿ 2’ ಹಡಗಿನ ಏಳು ರಾತ್ರಿಗಳ ಯಾನದಲ್ಲಿ ಐದು ರಾತ್ರಿ ಹೀಗೆ ಗಡಿಯಾರ ಹಿಂದೆ ಸರಿಯುತ್ತದೆ. ವಿಮಾನವು ಈ ಐದು ತಾಸುಗಳನ್ನು ಒಮ್ಮೆಲೆ ಮೈಮೇಲೆ ಹೇರುತ್ತದೆ. ಹಡಗು ದಿನಕ್ಕೊಂದರಂತೆ ಕೈಗಿಡುತ್ತದೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ತಂಗಿಯ ಮಗನ ಮನೆಗೆ ಹೊರಟಿದ್ದ ನಮ್ಮನ್ನು, “ಗುರುಗಳೇ, ಒಮ್ಮೆ ಸಮುದ್ರದ ದಾರಿಯಲ್ಲಿ ಹೋಗಿ ನೋಡಿರಿ” ಎಂದು ಒತ್ತಾಯಿಸಿ ಹಡಗು ಹತ್ತಿಸಿದವರು ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು. 2004ರಲ್ಲಿ ಯಾನಕ್ಕಿಳಿದ ಈ ಹಡಗು 345 ಮೀಟರ್ ಉದ್ದವಿದೆ. ಹೆಚ್ಚು ಕಡಿಮೆ ಹದಿನೈದು ಡಬ್ಬಿಗಳ ರೈಲುಗಾಡಿಯಷ್ಟು. ಸುಮಾರು 2,700 ಯಾತ್ರಿಕರಿಗೆ ಸ್ಥಳವುಂಟು, ಅವರ ಸೇವೆಗೆ 1,200ಕ್ಕೂ ಮೀರಿ ನೌಕರರು.

ಪ್ರವಾಸಿ ಹಡಗುಗಳ ಲೋಕದಲ್ಲಿ ಕೋಣೆಯ ದರವನ್ನು ಇಬ್ಬರು ಇರುವರೆಂದು ಎಣಿಸಿಯೇ ಕಟ್ಟುವುದು ವಾಡಿಕೆ. ಒಬ್ಬನೇ ಬಂದವನು ಬಾರದ ಎರಡನೆಯವನ ಪಾಲನ್ನೂ ಬಹುಮಟ್ಟಿಗೆ ತೆರಬೇಕಾಗುತ್ತದೆ. ವಿಧುರನಿಗೂ ವಿಧವೆಗೂ ಸಂನ್ಯಾಸಿಗೂ ಇದೊಂದು ವಿಚಿತ್ರ ಸುಂಕವೇ ಸರಿ! 2010ರಲ್ಲಿ ‘ನಾರ್ವೇಜಿಯನ್ ಎಪಿಕ್’ ಎಂಬ ಹಡಗು ಒಬ್ಬರಿಗೆಂದೇ ಕಟ್ಟಿದ 128 ಕೋಣೆಗಳೊಡನೆ ಕಡಲಿಗಿಳಿಯಿತು. ಕ್ವೀನ್ ಮೇರಿಯಲ್ಲಿಯೂ 2016ರ ನವೀಕರಣದಲ್ಲಿ ಅಂಥ 15 ಕೋಣೆಗಳಾದವು. ಅವುಗಳಲ್ಲೊಂದು ನಮಗೆ ದೊರೆತಿತ್ತು.

ಐದನೆಯ ದಿನದ ಬೆಳಗು. ಏಳನೆಯ ಅಂತಸ್ತಿನಲ್ಲಿ ಹಡಗನ್ನು ಬಳಸಿ ಬರುವ ಮರದ ಹಾಸಿನ ದಾರಿಯಿದೆ. ಮೂರು ಸುತ್ತು ಹಾಕಿದರೆ ಒಂದು ಮೈಲಿಗಿಂತ ತುಸು ಹೆಚ್ಚು. ಎತ್ತ ನೋಡಿದರೂ ಬೂದು ಬಣ್ಣದ ನೀರು. ಒಂದು ಹಕ್ಕಿಯೂ ಇಲ್ಲ. ಬಳಿಕ ಗ್ರಂಥಾಲಯಕ್ಕೆ ಹೋದೆವು. ಹಡಗಿನ ಮುಂಭಾಗದಲ್ಲಿ ಸಾವಿರಾರು ಹೊತ್ತಗೆಗಳ ದೊಡ್ಡ ಭಂಡಾರವದು. ಕನ್ನಡದ ಒಂದು ಪುಸ್ತಕವೂ ಕಾಣಲಿಲ್ಲ, ನಾವು ನಿರೀಕ್ಷಿಸಿಯೂ ಇರಲಿಲ್ಲ. ಮೂವತ್ತು ನಲವತ್ತು ಮಂದಿ ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಸಂಗೀತ, ನೃತ್ಯ, ಜೂಜು ಎಲ್ಲವೂ ಇರುವ ಆ ತೇಲುವ ಪಟ್ಟಣದಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ಠಾವು ಇದೊಂದೇ.

ನಡುಹಗಲಿಗೆ ಹಡಗಿನ ಕೊಂಬು ಮೊಳಗುತ್ತದೆ. ಇದರ ಕೊಂಬುಗಳಲ್ಲೊಂದು 1936ರಲ್ಲಿ ಮೊದಲ ಯಾನ ಮಾಡಿದ ಹಳೆಯ ಕ್ವೀನ್ ಮೇರಿಯದು. ಹತ್ತು ಮೈಲಿ ದೂರ ಕೇಳಿಸುವುದಂತೆ. ಅದರ ಬೆನ್ನಿಗೇ ಕಪ್ತಾನನು ಧ್ವನಿವರ್ಧಕದಲ್ಲಿ ಅಕ್ಷಾಂಶ, ರೇಖಾಂಶ, ಗಾಳಿಯ ವೇಗ, ಕಡಲಿನ ಆಳಗಳನ್ನು ಸಾರುತ್ತಾನೆ. ಅಂದು ನಮ್ಮ ಕಾಲಡಿಯಲ್ಲಿ ಮೂರು ಸಾವಿರ ಮೀಟರಿಗೂ ಮೀರಿದ ನೀರು. ಪಗಡೆ, ಇಸ್ಪೀಟು, ಹರಟೆ ಎಲ್ಲವೂ ಅರೆಕ್ಷಣ ನಿಂತವು.

ಒಂಟಿಯಾಗಿ ಬಂದವರು ಬಯಸಿದರೆ ದೊಡ್ಡ ಮೇಜಿನಲ್ಲಿ ಇತರರೊಡನೆ ಕುಳಿತು ಉಣ್ಣಬಹುದು. ನಮ್ಮ ಬಲಗಡೆಗೆ ಯಾರ್ಕ್‌ಷೈರಿನ ಒಬ್ಬ ವೃದ್ಧ ತಾಯಿ. ಪತಿ ತೀರಿಕೊಂಡು ಆರು ವರ್ಷ. ಇಬ್ಬರು ಮಕ್ಕಳೂ ಆಸ್ಟ್ರೇಲಿಯಾದಲ್ಲಿ. ಈ ದಾರಿಯಲ್ಲಿ ಇದು ಆಕೆಯ ನಾಲ್ಕನೆಯ ಯಾನ. ನ್ಯೂಯಾರ್ಕಿನಲ್ಲಿ ಆಕೆಗೆ ಯಾರೂ ಇಲ್ಲ. ಇಳಿದು ಅದೇ ಹಡಗಿನಲ್ಲಿ ಮರಳುವಳು. “ಮನೆಯಲ್ಲಿದ್ದರೆ ಫೋನು ಬಂದೀತೇ ಎಂದು ಕಾಯುತ್ತ ಕೂರುತ್ತೇನೆ. ಇಲ್ಲಿ ಕಾಯುವುದಕ್ಕೇನೂ ಇಲ್ಲ” ಎಂದಳು. ಮಾತಿನಲ್ಲಿ ದೂರು ಇರಲಿಲ್ಲ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳಲ್ಲಿ ಮಕ್ಕಳು ಪರದೇಶದಿಂದ ಹಣ ಕಳಿಸಿ ಕಟ್ಟಿಸಿದ ಎರಡಂತಸ್ತಿನ ಮನೆಗಳಲ್ಲಿ ಒಂದೇ ಕೋಣೆಗೆ ದೀಪ ಹಚ್ಚಿಕೊಂಡು ಕೂತಿರುವ ಹಿರಿಯರು ನಮ್ಮ ಕಣ್ಮುಂದೆ ಬಂದರು. ಓದುಗ ಬಂಧುಗಳು ತಮ್ಮ ಓಣಿಯಲ್ಲಿಯೇ ಅಂಥವರನ್ನು ಬಲ್ಲರು. ಹಡಗು ಹತ್ತುವ ಅನುಕೂಲವೂ ಅವರಿಗಿಲ್ಲ.

“ನಿಮಗೆ ಒಬ್ಬರೇ ಇದ್ದು ಬೇಸರವಾಗುವುದಿಲ್ಲವೇ?” ಎಂದು ಆಕೆ ಕೇಳಿದಳು. ಮಠದಲ್ಲಿ ನಲವತ್ತು ಹುಡುಗರ ನಡುವೆ ಒಂದೇ ಪಡಸಾಲೆಯಲ್ಲಿ ಮಲಗಿ ಬೆಳೆದವರು ನಾವು. ಏಕಾಂತವೆಂಬುದು ನಮಗೆ ಕಾಡಿ ಬೇಡಿ ಗಳಿಸಿಕೊಂಡ ಸೊತ್ತು. ಆಕೆಗೋ ಅದು ಕೇಳದೆ ಬಂದೆರಗಿದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಲ್ಲದೆಂದು ಹೇಳಿದೆವು. ಆಕೆ ತುಸು ಹೊತ್ತು ಸುಮ್ಮನಿದ್ದು, ನಾಳೆಯೂ ಇದೇ ಮೇಜಿಗೆ ಬನ್ನಿ ಎಂದಳು.

ನಮ್ಮ ಕೋಣೆಯ ಚಾಕರಿಗೆ ಬರುತ್ತಿದ್ದವನು ಕುಂದಾಪುರದ ಕಡೆಯ ತರುಣ. ಮೊದಲ ದಿನವೇ ನಮ್ಮ ಊಟದ ಪಥ್ಯವನ್ನು ಅಡುಗೆಮನೆಗೆ ತಿಳಿಸಿ ಬಂದ ಪುಣ್ಯಾತ್ಮ. ಎಂಟು ತಿಂಗಳ ಕರಾರು, ವಾರದ ರಜೆಯೆಂಬುದಿಲ್ಲ. ನಾವಿಕರಿಗೆ 24 ತಾಸುಗಳಲ್ಲಿ ಕನಿಷ್ಠ 10 ತಾಸು ವಿಶ್ರಾಂತಿ ಇರಬೇಕೆಂದು 2006ರ ಅಂತರರಾಷ್ಟ್ರೀಯ ಒಪ್ಪಂದ ವಿಧಿಸಿದೆ. ಕಡಲಿನ ದುಡಿಮೆ ಎಂಥದ್ದೆಂಬುದು ಆ ಅಂಕಿಯಿಂದಲೇ ತಿಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಆತ ಗಡಿಯಾರ ಹಿಂದಿಡಬೇಕೆಂಬ ಚೀಟಿಯನ್ನು ಹಾಸಿಗೆಯ ಮೇಲಿಟ್ಟನು.

“ಈ ಕಡೆ ಹೋಗುವಾಗ ನಮಗೆ ಒಂದು ಗಂಟೆ ನಿದ್ದೆ ಹೆಚ್ಚು ಸ್ವಾಮಿ, ವಾಪಸು ಬರುವಾಗ ಅದನ್ನೇ ಕಿತ್ಕೊಳ್ತಾರೆ” ಎಂದು ನಕ್ಕನು.

“ಹಾಗಾದರೆ ಇವತ್ತು ಲಾಭವೇ ಅಲ್ಲವೇನಪ್ಪಾ?” ಎಂದೆವು.

“ನಿದ್ದೆ ಲೆಕ್ಕದಲ್ಲಿ ಲಾಭ. ಆದ್ರೆ ಮಗಳು ಇನ್ನೂ ಒಂದು ಗಂಟೆ ದೂರ ಆದಳು. ಊರಲ್ಲಿ ಈಗ ಬೆಳಗಾಗ್ತಾ ಇರ್ಬೇಕು.”

ಟವೆಲ್ಲುಗಳನ್ನು ಎತ್ತಿಕೊಂಡು ಆತ ಪಕ್ಕದ ಕೋಣೆಯ ಬಾಗಿಲು ತಟ್ಟಿದನು.