ಹೊಲಿಗೆ ಮಾಯ್ದ ಮೇಲಿನ ನೋವು

ನಸುಕಿನಲ್ಲಿ ಪೂಜೆಗೆ ಕುಳಿತು, ಕಾಲು ಮಡಿಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಳ್ಳುವಷ್ಟರಲ್ಲಿ ಬಲಗಡೆಯ ತೊಡೆಸಂದಿಯಲ್ಲಿ ಕಾದ ಸೂಜಿ ಚುಚ್ಚಿದಂತಾಗುತ್ತಿತ್ತು. ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಆಗಲೇ ಐದು ತಿಂಗಳು ಕಳೆದಿದ್ದವು. ಹೊಲಿಗೆ ಮಾಯ್ದಿತ್ತು, ಉಬ್ಬು ಮತ್ತೆ ಕಾಣಿಸಿಕೊಂಡಿರಲಿಲ್ಲ. ಕಂಡವರೆಲ್ಲ 'ಈಗ ಆರಾಮ ಅಲ್ರಿ?' ಎನ್ನುತ್ತಿದ್ದರು. ನಾವೂ ಹೂಂಗುಟ್ಟುತ್ತಿದ್ದೆವು. ಗಾಯವೇ ಇಲ್ಲದ ಮೇಲೆ ನೋವಿಗೆ ಸಾಕ್ಷಿ ಎಲ್ಲಿಂದ ತರುವುದು? ಅಲ್ಲದೆ ಅದು ನಾಲ್ಕು ಜನರೆದುರು ಹೆಸರು ಹೇಳುವ ಜಾಗವೂ ಅಲ್ಲ.

ಮರುವರ್ಷ ನಮ್ಮ ತಮ್ಮನಿಗೂ ಅದೇ ಬೇನೆ ಬಂದಿತು. ಅವನ ವ್ಯಾಪಾರ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ. ಅವನು ದುರ್ಬೀನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡೇ ವಾರದಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತನು. ಅದನ್ನು ಕಂಡು ನಮಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತೆಂದು ಒಪ್ಪಿಕೊಳ್ಳಲೇಬೇಕು. ಕೊಯ್ದು ಮಾಡುವುದಕ್ಕೆ ಖರ್ಚು ಕಡಿಮೆಯೆಂದು ಆರಿಸಿಕೊಂಡವರು ನಾವೇ ಆಗಿದ್ದೆವು.

ಒಂದು ದಿನ ನಮ್ಮ ಮನೆಯವರೇ ಕೇಳಿಬಿಟ್ಟರು: "ಪೂಜಿಗೆ ಕುಂತಾಗ ಮಾರಿ ಯಾಕ ಹಿಂಡತೀರಿ? ಕೈಯಾಗ ಲಿಂಗ ಐತಿ, ಖರೆ ಹೇಳ್ರಿ."

ಹೇಳಿದೆವು. ಅವರ ಒತ್ತಾಯಕ್ಕೆ ಬೇರೊಬ್ಬ ಶಸ್ತ್ರವೈದ್ಯರನ್ನು ಕಂಡೆವು. ಅವರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಹಿಂದೆ ಸಡಿಲಾದ ಸ್ನಾಯುಗಳನ್ನೇ ಎಳೆದು ಹೊಲಿಯುತ್ತಿದ್ದರಂತೆ. 1980ರ ದಶಕದಲ್ಲಿ ಅಮೆರಿಕದ ಲಿಚ್ಟೆನ್‌ಸ್ಟೈನ್ ಎಂಬ ವೈದ್ಯರು ಅಲ್ಲಿ ಜಾಲರಿಯಿಟ್ಟು ಹೊಲಿಯುವ ಕ್ರಮವನ್ನು ಪ್ರಚಾರಕ್ಕೆ ತಂದರು. ಅದರಿಂದ ಹರ್ನಿಯಾ ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೆ ತೊಡೆಸಂದಿಯಲ್ಲಿ ಮೂರು ಸಣ್ಣ ನರಗಳು ಹಾದುಹೋಗುತ್ತವೆ. ಕೊಯ್ದು ಮಾಡುವಾಗ ಅವು ಎದುರಿಗೇ ಬರುತ್ತವೆ. ಹೊಲಿಗೆಯಲ್ಲಿಯೋ ಮಾಯ್ದ ಗಾಯದ ಗಂಟಿನಲ್ಲಿಯೋ ಸಿಕ್ಕಿಕೊಂಡರೆ ಉರಿಯುತ್ತಲೇ ಇರುತ್ತವೆ. ದುರ್ಬೀನಿನಲ್ಲಿ ಮೂರು ಸಣ್ಣ ತೂತುಗಳ ಮೂಲಕ ಜಾಲರಿಯನ್ನು ಸ್ನಾಯುವಿನ ಹಿಂದಿನಿಂದ ಇರಿಸುವುದರಿಂದ ಆ ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲವೆಂದಲ್ಲ. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ಪಳಗಿದ ಕೈಯೂ ಬೇಕು. ಹೃದಯ, ಶ್ವಾಸಕೋಶ ದುರ್ಬಲವಾದ ಹಿರಿಯರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಕೊಯ್ದು ಮಾಡುವುದೇ ಎಷ್ಟೋ ಸಲ ಕ್ಷೇಮಕರ. ಇದನ್ನು ಕೇಳಿದ ಮೇಲೆ ನಾವು ಮೊದಲಿನ ವೈದ್ಯರನ್ನು ಮನಸ್ಸಿನಲ್ಲಿಯೇ ಬೈಯುವುದನ್ನು ಬಿಟ್ಟೆವು. ಆದರೂ ಒಂದು ಮಾತನ್ನು ಮೊದಲೇ ಹೇಳಬಹುದಿತ್ತೆಂಬ ಬೇಸರ ಉಳಿದೇ ಇದೆ.

2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ, ಈ ಶಸ್ತ್ರಚಿಕಿತ್ಸೆಯ ನಂತರ ನೂರಕ್ಕೆ 10ರಿಂದ 12 ಜನರಿಗೆ ಗಮನಿಸಬೇಕಾದಷ್ಟು ನೋವು ಉಳಿಯುತ್ತದೆ. ನಿತ್ಯದ ಕೆಲಸಕ್ಕೇ ಅಡ್ಡಿಯಾಗುವಂಥದು ನೂರಕ್ಕೆ ಅರ್ಧದಿಂದ 6 ಜನರಿಗೆ. ಮೊದಲೇ ನೋವಿದ್ದವರಿಗೂ ಎಳೆಯ ವಯಸ್ಸಿನವರಿಗೂ ಇದರ ಸಂಭವ ಹೆಚ್ಚು. ನಮ್ಮದು ನಟನೆಯೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲವೆಂದು ಆ ದಿನ ಗೊತ್ತಾಯಿತು. ಮೂರು ತಿಂಗಳು ದಾಟಿಯೂ ನೋಯುತ್ತಿದ್ದರೆ ಬಂದು ತೋರಿಸಬೇಕಿತ್ತೆಂದು ವೈದ್ಯರು ಗದರಿಸಿದರು. ನರದ ಹತ್ತಿರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ನರನೋವಿನ ಗುಳಿಗೆ ಬರೆದರು. ಈಗ ಮುಕ್ಕಾಲು ಪಾಲು ನೋವು ಇಳಿದಿದೆ. ಪೂಜೆಗೆ ಮಾತ್ರ ಎತ್ತರದ ಮಣೆ ಮಾಡಿಸಿಕೊಂಡಿದ್ದೇವೆ.

ಮೊನ್ನೆ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ತಮ್ಮನಿಗೆ ಇದನ್ನೆಲ್ಲ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡುತ್ತ ನಿಂತು, "ಅಣ್ಣಾ, ಚೀಲಕ್ಕ ಕೈ ಹಚ್ಚಿದರ ನನಗೂ ಒಳಗ ಜಗ್ಗತೈತಿ. ನೀ ಸುಮ್ಮನಿದ್ದಿ, ನಾನೂ ಸುಮ್ಮನಿದ್ದೆ" ಎಂದನು.

ಬರುವ ವಾರ ಅವನನ್ನೂ ಅದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗುವವರಿದ್ದೇವೆ.